ಬಿಲ್ ಫೈಲ್ ಸಿಂಕ್ ಆಗ್ತಿಲ್ವಾ?
ಬಂದರ್‌ನ ಸಗಟು ಅಂಗಡಿ. ಲಕ್ಷದ್ವೀಪಕ್ಕೆ ಹೋಗುವ ಅಕ್ಕಿ, ಈರುಳ್ಳಿಯ ಲೆಕ್ಕ ಅಂಗಡಿಯ ಕಂಪ್ಯೂಟರ್‌ನಲ್ಲಿದೆ, ಮನೆಯ ಲ್ಯಾಪ್‌ಟಾಪ್‌ನಲ್ಲಿಲ್ಲ. ಗಾಬರಿಯಲ್ಲಿ ಏನನ್ನೂ ಡಿಲೀಟ್ ಮಾಡಬೇಡಿ! ಸಿಂಕ್ ಫೋಲ್ಡರ್‌ನಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಅಳಿಸಿಬಿಟ್ಟಿದ್ದರೆ ಗೂಗಲ್ ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ತಕ್ಷಣ ವಾಪಸ್ ತೆಗೆಯಿರಿ.

ಈಗ ಸ್ಕ್ರೀನಿನ ಗಡಿಯಾರದ ಪಕ್ಕದ ಡ್ರೈವ್ ಐಕಾನ್ ಒತ್ತಿ. ಸಿಂಕ್ ನಿಂತಿದ್ದರೆ ರೆಸ್ಯೂಮ್ ಮಾಡಿ. ಎರಡೂ ಕಡೆ ಒಂದೇ ಅಕೌಂಟಾ, ನೋಡಿ. ಜಾಗ ತುಂಬಿದೆಯಾ? ಗೂಗಲ್‌ನ ಉಚಿತ 15 ಜಿಬಿಯಲ್ಲಿ ಜಿಮೇಲ್, ಫೋಟೋಗಳೂ ಸೇರುತ್ತವೆ. ಒನ್‌ಡ್ರೈವ್‌ನಲ್ಲಿ ಉಚಿತ 5 ಜಿಬಿ ಮಾತ್ರ.

ನನ್ನ ಮುಖ್ಯ ಮಾತು ಲೆಕ್ಕಕ್ಕೆ ಟ್ಯಾಲಿ ಸಾಫ್ಟ್‌ವೇರ್ ಬಳಸುವವರಿಗೆ. ಟ್ಯಾಲಿಯ ಡೇಟಾ ಫೋಲ್ಡರನ್ನೇ ಕ್ಲೌಡ್‌ಗೆ ಜೋಡಿಸಬೇಡಿ. ಎಂಟ್ರಿ ನಡೆಯುವಾಗಲೇ ಸಿಂಕ್ ಕೈಹಾಕಿದರೆ ಡೇಟಾ ಕೆಡಬಹುದು. ಅಂಗಡಿ ಮುಚ್ಚುವಾಗ ಬ್ಯಾಕಪ್ ತೆಗೆಯಿರಿ, ಆ ಬ್ಯಾಕಪ್ಪನ್ನು ಮಾತ್ರ ಡ್ರೈವ್‌ಗೆ ಹಾಕಿ, ಹಸಿರು ಟಿಕ್ ಬಂದ ಮೇಲೆ ಕಂಪ್ಯೂಟರ್ ಆಫ್ ಮಾಡಿ.