ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಖಂಡಿತಾನಾ? ಮೌಂಟೇನ್ ಬೈಕ್ ಹತ್ತಿ ಗುಡ್ಡ ಇಳಿಯುವ ಮುನ್ನ ಇದನ್ನು ಓದಿ

"ಮುಂದಿನ ಬ್ರೇಕ್ ಹಿಡಿಬೇಡ ಕಣೋ, ಪಲ್ಟಿ ಹೊಡೀತೀಯಾ!" ಸೈಕಲ್ ಕಲಿಯುವಾಗ ಅಪ್ಪನಿಂದಲೋ ಅಣ್ಣನಿಂದಲೋ ಈ ಮಾತು ಕೇಳದವರು ಕಡಿಮೆ. ಅದನ್ನೇ ನಂಬಿ ಬೆಳೆದವರು ಮುಂದೊಂದು ದಿನ ದಪ್ಪ ಟೈರಿನ ಮೌಂಟೇನ್ ಬೈಕ್ ಕೊಂಡು ಗುಡ್ಡ ಇಳಿಯಲು ಹೊರಟಾಗ ತೊಂದರೆ ಶುರುವಾಗುತ್ತದೆ.

ನವಿ ಮುಂಬೈನ ನೆರೂಳವನ್ನೇ ನೋಡಿ. ಖಾಡಿ ಪಕ್ಕದ ಊರು, ಪಾಮ್ ಬೀಚ್ ರಸ್ತೆಯಲ್ಲಿ ಏರಿಳಿತ ಇಲ್ಲವೆಂದೇ ಹೇಳಬೇಕು. ಆದರೆ ಬೇಲಾಪುರದ ಪಾರಸಿಕ್ ಗುಡ್ಡ ಹತ್ತಿರದಲ್ಲೇ ಇದೆ, ಖಾರ್ಘರ್ ಬೆಟ್ಟವೂ ದೂರವೇನಲ್ಲ. ಸಮತಟ್ಟಾದ ರಸ್ತೆಯಲ್ಲಿ ಪಳಗಿದ ಕೈಗೆ ಇಳಿಜಾರು ಹೊಸದು. ಹತ್ತುವಾಗ ಉಸಿರು ಕಟ್ಟಿದರೆ ಇಳಿದು ತಳ್ಳಿಕೊಂಡು ಹೋಗಬಹುದು. ಇಳಿಯುವಾಗ ಬ್ರೇಕ್ ಹಿಡಿಯಲು ಬರದಿದ್ದರೆ ಆ ಅನುಕೂಲ ಇರುವುದಿಲ್ಲ.

ಮುಂದಿನ ಬ್ರೇಕೇ ಏಕೆ ಮುಖ್ಯ?

ಬಸ್ ಚಾಲಕ ಬ್ರೇಕ್ ಒತ್ತಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರಲ್ಲ, ಸೈಕಲ್‌ನಲ್ಲೂ ಅದೇ ಆಗುತ್ತದೆ. ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಆ ಟೈರು ನೆಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಅದೇ ಹೊತ್ತಿಗೆ ಹಿಂದಿನ ಚಕ್ರ ಹಗುರವಾಗುತ್ತದೆ. ಹಾಗಾಗಿ ಹಿಂದಿನ ಬ್ರೇಕನ್ನಷ್ಟೇ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಜಾರುತ್ತದೆಯೇ ಹೊರತು ಗಾಡಿ ಬೇಗ ನಿಲ್ಲುವುದಿಲ್ಲ. ಒಣ ರಸ್ತೆಯಲ್ಲಿ ಹಿಂದಿನ ಬ್ರೇಕ್ ಒಂದನ್ನೇ ನಂಬಿದರೆ ನಿಲ್ಲಲು ಹೆಚ್ಚುಕಮ್ಮಿ ಎರಡು ಪಟ್ಟು ದೂರ ಬೇಕು. ಇಳಿಜಾರಿನಲ್ಲಿ ಇನ್ನೂ ಹೆಚ್ಚು.

ಹಾಗಾದರೆ ಪಲ್ಟಿ ಹೊಡೆಯುವುದು ಸುಳ್ಳೇ? ಸುಳ್ಳಲ್ಲ. ಗಾಬರಿಯಲ್ಲಿ ಲಿವರನ್ನು ಒಮ್ಮೆಲೇ ಗಪ್ಪೆಂದು ಹಿಡಿದು, ಮೈಯನ್ನು ಮುಂದಕ್ಕೆ ಬಿಟ್ಟುಕೊಂಡರೆ ಹ್ಯಾಂಡಲ್ ಮೇಲಿಂದ ಹಾರುವುದೇ. ತಪ್ಪು ಬ್ರೇಕಿನದಲ್ಲ, ಹಿಡಿದ ರೀತಿಯದು. ನಿಂಬೆಹಣ್ಣು ಹಿಂಡುವ ಹಾಗೆ ಮೆಲ್ಲಗೆ ಶುರುಮಾಡಿ ಬಿಗಿಮಾಡುತ್ತಾ ಹೋಗಬೇಕು. ಡಿಸ್ಕ್ ಬ್ರೇಕ್ ಇದ್ದರೆ ಒಂದು ಅಥವಾ ಎರಡು ಬೆರಳು ಸಾಕು, ಉಳಿದ ಬೆರಳು ಹ್ಯಾಂಡಲ್ ಹಿಡಿದಿರಲಿ.

ಮೈದಾನದಲ್ಲೇ ಕಲಿಯಿರಿ

ಮೊದಲು ಯಾವ ಲಿವರ್ ಯಾವ ಚಕ್ರದ್ದು ಎಂದು ನೋಡಿಕೊಳ್ಳಿ. ಸ್ಕೂಟರ್ ಓಡಿಸುವವರಿಗೆ ಬಲಗೈ ಎಂದರೆ ಮುಂದಿನ ಬ್ರೇಕ್ ಎಂಬ ರೂಢಿ. ಸೈಕಲ್‌ಗಳಲ್ಲಿ ಕೆಲವಕ್ಕೆ ಅದು ಎಡಗೈಯಲ್ಲಿರುತ್ತದೆ. ಗೆಳೆಯನ ಸೈಕಲ್ ಎರವಲು ತಂದವರು ಇಲ್ಲೇ ಎಡವುವುದು.

ಆಮೇಲೆ ಸೈಕಲ್ ಹತ್ತದೆ, ಪಕ್ಕದಲ್ಲಿ ತಳ್ಳಿಕೊಂಡು ನಡೆಯುತ್ತಾ ಮುಂದಿನ ಬ್ರೇಕನ್ನು ಒತ್ತಿ ನೋಡಿ. ಹಿಂದಿನ ಚಕ್ರ ಮೇಲೇಳುವುದು ಕಣ್ಣಿಗೇ ಕಾಣುತ್ತದೆ. ಎಷ್ಟು ಒತ್ತಿದರೆ ಏಳುತ್ತದೆ ಎಂಬುದು ಬೆರಳಿಗೆ ಗೊತ್ತಾಗಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಈಗ ಖಾಲಿ ಮೈದಾನದಲ್ಲಿ ಒಂದು ಗೆರೆ ಎಳೆದು, ನಿಧಾನವಾಗಿ ಬಂದು ಗೆರೆಯಲ್ಲಿ ಬ್ರೇಕ್ ಹಿಡಿಯಿರಿ. ಮೊದಲು ಹಿಂದಿನದು ಮಾತ್ರ, ನಂತರ ಮುಂದಿನದು ಮಾತ್ರ, ಆಮೇಲೆ ಎರಡೂ. ಪ್ರತಿ ಸಲ ಎಲ್ಲಿ ನಿಂತಿರಿ ಎಂದು ಕಲ್ಲಿಟ್ಟು ಗುರುತು ಮಾಡಿ. ಅಪ್ಪನ ಮಾತಿಗಿಂತ ಆ ಮೂರು ಕಲ್ಲುಗಳನ್ನು ನಂಬಬಹುದು.

ಬ್ರೇಕ್ ಹಿಡಿಯುವಾಗ ಸೀಟಿನಿಂದ ತುಸು ಮೇಲೆದ್ದು, ಎರಡೂ ಪೆಡಲ್ ಒಂದೇ ಮಟ್ಟದಲ್ಲಿಟ್ಟು, ಹಿಮ್ಮಡಿ ಕೆಳಗೆ ಒತ್ತಿ, ಸೊಂಟವನ್ನು ಹಿಂದಕ್ಕೆ ಸರಿಸಿ. ಮೊಣಕೈ, ಮೊಣಕಾಲು ಬಾಗಿರಲಿ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಹೋಗಬೇಕಾದ ದಾರಿಯ ಮೇಲೆ. ಕಲ್ಲನ್ನೇ ದಿಟ್ಟಿಸಿದರೆ ಗಾಡಿ ಕಲ್ಲಿಗೇ ಹೋಗುತ್ತದೆ. ಕಲಿಯುವವರೆಲ್ಲರ ಅನುಭವ ಇದು.

ವೇಗದ ಲೆಕ್ಕವೂ ತಲೆಯಲ್ಲಿರಲಿ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 4 ಮೀಟರ್ ಸಾಗುತ್ತೀರಿ, 30ರಲ್ಲಿ 8 ಮೀಟರ್. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ.

ತಿರುವು, ಜಲ್ಲಿ, ಮಳೆ

ತಿರುವಿನಲ್ಲಿ ಬ್ರೇಕ್ ಹಿಡಿಯುವುದು ಹೊಸಬರ ದೊಡ್ಡ ತಪ್ಪು. ವಾಲಿಕೊಂಡಿರುವ ಟೈರಿಗೆ ತಿರುಗಿಸುವ ಕೆಲಸವೇ ಸಾಕಷ್ಟಿರುತ್ತದೆ, ಮೇಲೆ ಬ್ರೇಕನ್ನೂ ಹೇರಿದರೆ ಜಾರುತ್ತದೆ. ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗಲೇ ವೇಗ ಇಳಿಸಿ. ಜಲ್ಲಿ, ಮರಳು, ಒದ್ದೆ ಎಲೆ, ಪಾಚಿ ಕಟ್ಟಿದ ಬಂಡೆ ಬಂದರೂ ಹಾಗೆಯೇ: ಅದಕ್ಕೂ ಮೊದಲೇ ನಿಧಾನವಾಗಿ, ಅದರ ಮೇಲೆ ಹೋಗುವಾಗ ಮುಂದಿನ ಬ್ರೇಕನ್ನು ಸಡಿಲ ಬಿಡಿ.

ಉದ್ದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಕೊಂಡೇ ಇರುವುದೂ ಅಪಾಯ. ಈ ಕ್ರೀಡೆಯ ಹುಟ್ಟಿನಲ್ಲೇ ಇದಕ್ಕೊಂದು ಕಥೆ ಇದೆ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಹಳೇ ದಪ್ಪ ಟೈರಿನ ಸೈಕಲ್‌ಗಳಲ್ಲಿ ಮಣ್ಣಿನ ಗುಡ್ಡದಾರಿಯೊಂದರಲ್ಲಿ ಇಳಿಯುವ ಪಂದ್ಯ ಶುರುಮಾಡಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್ ಅವು. ಸುಮಾರು 400 ಮೀಟರ್ ಎತ್ತರದಿಂದ ಇಳಿಯುವಷ್ಟರಲ್ಲಿ ಹಬ್ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕು. ಹಾಗಾಗಿ ಆ ದಾರಿಗೆ 'ರೀಪ್ಯಾಕ್' ಎಂದೇ ಹೆಸರಾಯಿತು. ಇಂದಿನ ಡಿಸ್ಕ್ ಬ್ರೇಕ್ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಆದರೂ ಹಿಡಿದು, ಬಿಟ್ಟು, ಮತ್ತೆ ಹಿಡಿಯುವುದೇ ಸರಿ. ನಡುವೆ ಬ್ರೇಕಿಗೂ ಕೈಗೂ ಬಿಡುವು ಸಿಗುತ್ತದೆ.

ಹೊಸ ಡಿಸ್ಕ್ ಬ್ರೇಕ್ ಮೊದಲ ದಿನವೇ ಪೂರ್ತಿ ಹಿಡಿಯುವುದಿಲ್ಲ. ಸಮತಟ್ಟಿನಲ್ಲಿ ಇಪ್ಪತ್ತು ಸಲವಾದರೂ ವೇಗದಿಂದ ನಿಧಾನಕ್ಕೆ ತಂದು ಪ್ಯಾಡ್ ಕೂರಿಸಬೇಕು. ಡಿಸ್ಕಿಗೆ ಚೈನ್ ಆಯಿಲ್ ತಾಗಿದರೆ ಬ್ರೇಕ್ ಕೆಟ್ಟಂತೆಯೇ. ರಬ್ಬರ್ ಬ್ರೇಕ್ ಇರುವ ಸೈಕಲ್ ಆದರೆ, ಮಳೆಯಲ್ಲಿ ರಿಮ್ ಮೇಲಿನ ನೀರು ಒರೆಸಿ ಹೋಗುವವರೆಗೆ ಅದು ಹಿಡಿಯುವುದೇ ಇಲ್ಲ ಅನ್ನಬಹುದು. ಮುಂಬೈ ಮಳೆಯಲ್ಲಿ ಅಂಥ ಸೈಕಲ್‌ನೊಂದಿಗೆ ಗುಡ್ಡಕ್ಕೆ ಹೋಗದಿರುವುದೇ ಜಾಣತನ. ಖಾರ್ಘರ್‌ನ ಪಾಂಡವಕಡಾ ಜಲಪಾತದ ಸುತ್ತ ಮಳೆಗಾಲದಲ್ಲಿ ಪ್ರವೇಶ ನಿರ್ಬಂಧಿಸುವುದೂ ಉಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಹೆಲ್ಮೆಟ್ ಬಗ್ಗೆ ಬೇರೆ ಹೇಳಬೇಕಿಲ್ಲ. ಮೊದಲ ಸಲ ಗುಡ್ಡ ಇಳಿಯುವಾಗ ಸೀಟನ್ನು ಎರಡು ಇಂಚು ತಗ್ಗಿಸಿಕೊಳ್ಳಿ, ಸೊಂಟ ಹಿಂದಕ್ಕೆ ಸರಿಯಲು ಜಾಗ ಸಿಗುತ್ತದೆ. ಕಡಿದಾದ ಕಡೆ ಧೈರ್ಯ ಸಾಲದಿದ್ದರೆ ಇಳಿದು ನಡೆಯಿರಿ.