ಮೆತ್ತೆ ಕೂತರಷ್ಟೇ ಮೃದಂಗ

ದುಬಾರಿ ಹೆಡ್‌ಫೋನ್‌ಗಳ ವಿಮರ್ಶೆ ಓದಿದವರಿಗೆ ಅದರ ಧಾಟಿ ಗೊತ್ತಿರುತ್ತದೆ. ಬೇಸ್ ಎಷ್ಟು ಆಳ, ಗಾಯಕಿಯ ದನಿ ಎಷ್ಟು ಹತ್ತಿರ, ತಾಳದ ಝಣಕು ಎಷ್ಟು ಸ್ಪಷ್ಟ ಎಂದು ಪುಟಗಟ್ಟಲೆ ಬರೆದ ಮೇಲೆ, ಕೊನೆಯಲ್ಲಿ ಹಾಕಿಕೊಳ್ಳಲು ಹಿತವೋ ಅಲ್ಲವೋ ಎಂದು ನಾಲ್ಕು ಸಾಲು. ಸದ್ದಿಗೆ ಒಂಬತ್ತು ಅಂಕ, ಹಿತಕ್ಕೆ ಏಳು. ಹಿಂಬದಿ ಮುಚ್ಚಿದ, ಅಂದರೆ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್‌ಗಳ ಮಟ್ಟಿಗೆ ಹೀಗೆ ಎರಡು ಖಾನೆ ಮಾಡುವುದೇ ತಪ್ಪು. ಇವುಗಳಲ್ಲಿ ಹಿತ ಎನ್ನುವುದು ಸದ್ದಿನ ಜೊತೆಗೆ ಸಿಗುವ ಕೊಸರಲ್ಲ, ಸದ್ದನ್ನು ಹುಟ್ಟಿಸುವ ಯಂತ್ರದ್ದೇ ಒಂದು ಭಾಗ. ಇದನ್ನು ಸಂಗೀತಪ್ರಿಯರಿಗಿಂತ ಮೊದಲು ಕಂಡುಕೊಂಡವರು ಕಿವಿ ಉಳಿಸಿಕೊಂಡು ದುಡಿಯಬೇಕಾದವರು. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಅಂಥ ಎರಡು ಜಾಗಗಳಿವೆ. ಒಂದು, ದೊಡ್ಡಬಳ್ಳಾಪುರದ ಪವರ್‌ಲೂಮ್ ಬೀದಿಗಳು. ಇನ್ನೊಂದು, 2008ರ ಮೇ ತಿಂಗಳಿಂದ ದೇವನಹಳ್ಳಿಯಲ್ಲಿ ನಡೆಯುತ್ತಿರುವ ವಿಮಾನ ನಿಲ್ದಾಣ. ವಿಮಾನವನ್ನು ಹಿಂದಕ್ಕೆ ತಳ್ಳುವಾಗ ಅದರ ಮೂತಿಯ ಬಳಿ ನಡೆಯುತ್ತಾ ಪೈಲಟ್ ಜೊತೆ ಮಾತಾಡುವ ನೆಲದ ಸಿಬ್ಬಂದಿಯ ಕಿವಿಯ ಮೇಲಿರುವುದೂ, ಲಕ್ಷ ರೂಪಾಯಿಯ ಹೆಡ್‌ಫೋನೂ ಮೂಲತಃ ಒಂದೇ ಸಾಧನ: ಮುಚ್ಚಿದ ಬಟ್ಟಲು, ಒಳಗೊಂದು ಪುಟ್ಟ ಸ್ಪೀಕರ್, ಅಂಚಿಗೊಂದು ಮೆತ್ತೆ, ಎರಡನ್ನೂ ತಲೆಗೆ ಒತ್ತಿ ಹಿಡಿಯುವ ಪಟ್ಟಿ.

ಆ ಮೆತ್ತೆಗೆ ಯಾಕಿಷ್ಟು ಮಹತ್ವ? 50 ಹರ್ಟ್ಸ್‌ನ ಒಂದು ಸ್ವರ ಗಾಳಿಯಲ್ಲಿ ಹೋಗುವಾಗ ಅದರ ಅಲೆಯ ಉದ್ದ ಸುಮಾರು 7 ಮೀಟರ್. ಕಿವಿಗೂ ಸ್ಪೀಕರ್‌ಗೂ ನಡುವೆ ಇರುವ ಜಾಗವೋ, ಎರಡು ಮೂರು ಸೆಂಟಿಮೀಟರ್. ಅಷ್ಟು ದೊಡ್ಡ ಅಲೆ ಇಷ್ಟು ಚಿಕ್ಕ ಗೂಡಿನಲ್ಲಿ ಓಡಾಡಲಾರದು. ಅಲ್ಲಿ ಆಗುವುದು ಬೇರೆಯೇ ಕ್ರಿಯೆ. ಸ್ಪೀಕರ್‌ನ ಪೊರೆ ಮುಂದೆ ಸರಿದರೆ ಗೂಡಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದೆ ಸರಿದರೆ ಸಡಿಲವಾಗುತ್ತದೆ. ಆ ಒತ್ತಡದ ಏರಿಳಿತವೇ ನಮಗೆ ಬೇಸ್ ಆಗಿ ಕೇಳುತ್ತದೆ. ಸೈಕಲ್ ಪಂಪಿನ ವಾಷರ್ ಹರಿದರೆ ಎಷ್ಟು ಒತ್ತಿದರೂ ಟ್ಯೂಬಿಗೆ ಗಾಳಿ ಹೋಗುವುದಿಲ್ಲ. ಮೆತ್ತೆಯ ಅಂಚಿನಲ್ಲಿ ಬಿರುಕು ಬಿಟ್ಟರೆ ಆಗುವುದೂ ಅದೇ. ನಿಧಾನವಾಗಿ ಏರಿಳಿಯುವ ಒತ್ತಡ ಬಿರುಕಿನಿಂದ ಜಾರಿಹೋಗುತ್ತದೆ, ವೇಗವಾಗಿ ಕಂಪಿಸುವ ಮೇಲಿನ ಸ್ವರಗಳಿಗೆ ಅಷ್ಟು ಹೊತ್ತು ಸಿಗದ್ದರಿಂದ ಅವು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. 100 ಹರ್ಟ್ಸ್‌ಗಿಂತ ಕೆಳಗೆ 10 ಡೆಸಿಬಲ್ ಕಳೆದುಕೊಳ್ಳಲು ದೊಡ್ಡ ಕಿಂಡಿಯೇನೂ ಬೇಡ, ಕನ್ನಡಕದ ಕಡ್ಡಿ ಸಾಕು.

ನಮ್ಮ ಕೇಳುಗರ ಬಳಿ ಇದನ್ನು ಪರೀಕ್ಷಿಸಲು ಒಳ್ಳೆಯ ಸಾಧನವೊಂದಿದೆ, ಮೃದಂಗ. ಅದರ ಬಲಮುಖದ ಕರಣೆಯಿಂದಾಗಿ ಚರ್ಮದ ಉಪಸ್ವರಗಳು ತಂತಿವಾದ್ಯದಂತೆ ಕ್ರಮಬದ್ಧವಾಗಿ ಸಾಲುಗಟ್ಟುತ್ತವೆ ಎಂದು ಸಿ.ವಿ. ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದಿದ್ದರು. ಬೆಂಗಳೂರಿಗೆ ಬಂದ ಮೇಲೂ ಆ ಕೆಲಸವನ್ನು ಮುಂದುವರಿಸಿದರು. ಬಲಮುಖದ ‘ನಂ’ ಮೆತ್ತೆ ಸೋರುತ್ತಿದ್ದರೂ ಚೆನ್ನಾಗಿಯೇ ಕೇಳುತ್ತದೆ. ರವೆ ಮೆತ್ತಿದ ಎಡಮುಖದ ‘ಗುಂ’ ಮಾತ್ರ ಕರಗಿ ತೆಳುವಾಗುತ್ತದೆ. ಕಛೇರಿಯ ಧ್ವನಿಮುದ್ರಣವೊಂದನ್ನು ಹಾಕಿ, ಬಟ್ಟಲುಗಳನ್ನು ಎರಡೂ ಕೈಯಿಂದ ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ಎಡಮುಖ ತುಂಬಿ ಬಂದು, ಬಿಟ್ಟಾಗ ಇಳಿದರೆ ಹೆಡ್‌ಫೋನ್ ನಿಮ್ಮ ತಲೆಗೆ ಕೂತಿಲ್ಲ ಎಂದೇ ಅರ್ಥ. ಅದರ ಬೇಸ್ ಹೇಗಿದೆ ಎಂದು ತೀರ್ಪು ಕೊಡುವ ಹಕ್ಕು ನಿಮಗಿನ್ನೂ ಬಂದಿಲ್ಲ.

ಕೂರದಿರಲು ಕಾರಣಗಳು ಮನುಷ್ಯರ ತಲೆಯಷ್ಟೇ ಬಗೆಬಗೆ. ಪ್ರಯೋಗಾಲಯದ ಕೃತಕ ತಲೆಗೆ ನುಣುಪಾದ ಕೆನ್ನೆ, ರಬ್ಬರಿನ ಕಿವಿ. ಕೂದಲಿಲ್ಲ, ಜಡೆಯಿಲ್ಲ, ಓಲೆಯಿಲ್ಲ, ಕನ್ನಡಕವಿಲ್ಲ. ಅದು ಎಲೆಅಡಿಕೆ ಜಗಿಯುವುದೂ ಇಲ್ಲ. ದವಡೆ ಆಡಿದಾಗ ಕಿವಿಯ ಕೆಳಗಿನ ಗುಳಿ ಆಳವಾಗಿ, ಮೆತ್ತೆಯ ಅಂಚು ಅಲ್ಲೇ ಮೊದಲು ಬಿಟ್ಟುಕೊಳ್ಳುತ್ತದೆ. ಜುಮುಕಿ ಹಾಕಿದವರಿಗೆ ತೊಂದರೆ ಇನ್ನೂ ಮೂಲಭೂತ: ಬಟ್ಟಲಿನ ಒಳಗೆ ಜಾಗ ಸಾಲದೆ ಜುಮುಕಿ ಮೆತ್ತೆಯ ಕೆಳಗೆ ಸಿಕ್ಕಿಕೊಂಡರೆ ನೋವೂ ಹೌದು, ಸೋರಿಕೆಯೂ ಹೌದು. ಅಮೆರಿಕದ ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ ನಿಜವಾದ ಮನುಷ್ಯರ ಕಿವಿಗೆ ಸಣ್ಣ ಮೈಕ್ ಇಟ್ಟು ಅಳೆದು, ಕೃತಕ ತಲೆಯ ಅಳತೆಗೂ ಜನರ ಕಿವಿಯ ಅಳತೆಗೂ ಈ ಸೋರಿಕೆಯಿಂದಾಗುವ ವ್ಯತ್ಯಾಸವನ್ನು ಬಿಡಿಸಿಟ್ಟರು. ತಯಾರಕರು ಪೆಟ್ಟಿಗೆಯ ಮೇಲೆ ಅಚ್ಚು ಹಾಕುವ ‘5 ಹರ್ಟ್ಸ್‌ನಿಂದ’ ಎಂಬ ಅಂಕಿ ಯಾರ ತಲೆಯ ಮೇಲಿನದು ಎಂದು ಕೇಳಬೇಕಾಗುತ್ತದೆ.

ಹಾಗಾದರೆ ಗಟ್ಟಿಯಾಗಿ ಹಿಂಡಿದರೆ ಆಯಿತಲ್ಲ? ವಿಮಾನ ನಿಲ್ದಾಣದ ಉತ್ತರ ಅದೇ. ಜೆಟ್ ಎಂಜಿನ್‌ಗೆ ಹತ್ತಿರದಲ್ಲಿ ಸದ್ದು 120 ಡೆಸಿಬಲ್ ಮೀರುವುದರಿಂದ ಅಲ್ಲಿ ರಾಜಿಗೆ ಅವಕಾಶವಿಲ್ಲ. ಕಿವಿಗಾಪುಗಳ ಯುರೋಪಿನ ಮಾನದಂಡ ಪಟ್ಟಿಯ ಹಿಡಿತಕ್ಕೆ 14 ನ್ಯೂಟನ್‌ವರೆಗೆ ಅನುಮತಿ ಕೊಡುತ್ತದೆ. ಸಂಗೀತದ ಹೆಡ್‌ಫೋನ್‌ಗಳಲ್ಲಿ ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಕಡಿಮೆ. ಇನ್ನು ತೂಕ. ಸೆನ್‌ಹೈಸರ್ ಎಚ್‌ಡಿ 820 ಸುಮಾರು 360 ಗ್ರಾಂ, ಸೋನಿ ಝಡ್1ಆರ್ 385, ಫೋಕಲ್ ಸ್ಟೆಲಿಯಾ 435. 400 ಗ್ರಾಂ ಎಂದರೆ ನೆತ್ತಿಯ ಮೇಲೆ ಹೆಚ್ಚುಕಡಿಮೆ 4 ನ್ಯೂಟನ್, ಕೆನ್ನೆಯನ್ನು ಹಿಂಡುವ ಬಲದಷ್ಟೇ. ಹಿಡಿತ ಸಡಿಲಿಸಿದರೆ ಆ ಭಾರವೆಲ್ಲ ನೆತ್ತಿಗೆ ಬೀಳುತ್ತದೆ, ತಲೆ ಬಗ್ಗಿಸಿದರೆ ಬಟ್ಟಲು ಜಾರುತ್ತದೆ. ಬಿಗಿ ಮಾಡಿದರೆ ದವಡೆ ನೋಯುತ್ತದೆ. ಈ ಗಂಟನ್ನು ಬಿಡಿಸುವುದು ವಿಸ್ತೀರ್ಣ. ಅದೇ ಬಲವನ್ನು ಅಗಲವಾದ, ನಿಧಾನವಾಗಿ ಹಿಗ್ಗುವ ಫೋಮಿನ ಮೇಲೆ ಹರಡಿದರೆ ಚರ್ಮದ ಮೇಲಿನ ಒತ್ತಡ ಇಳಿಯುತ್ತದೆ, ಅಂಚೂ ಸೋರುವುದಿಲ್ಲ. ದುಬಾರಿ ಹೆಡ್‌ಫೋನ್‌ನಲ್ಲಿ ನಿಜವಾಗಿ ಹಣಕ್ಕೆ ತಕ್ಕ ಎಂಜಿನಿಯರಿಂಗ್ ನಡೆದಿದ್ದರೆ ಅದು ಕಾಣಿಸಬೇಕಾದದ್ದು ಇಲ್ಲಿ. ಬಟ್ಟಲಿಗೆ ಬಿದಿರು ಬಳಸಿದ್ದಾರೋ ಅರಗಿನ ಮೆರುಗು ಕೊಟ್ಟಿದ್ದಾರೋ ಎಂಬುದು ಆಮೇಲಿನ ಮಾತು.

ಹಿತಕ್ಕೆ ಇಷ್ಟು ಪಟ್ಟು ಹಿಡಿಯುವುದು ಉಳ್ಳವರ ಕೊಂಕು ಎನಿಸಬಹುದು. ದೊಡ್ಡಬಳ್ಳಾಪುರದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಲಾಳಿ ಹೊಡೆಯುವ ವಿದ್ಯುತ್ ಮಗ್ಗಗಳ ಕೋಣೆಯಲ್ಲಿ ಸದ್ದು 95ರಿಂದ 100 ಡೆಸಿಬಲ್ ಆಸುಪಾಸು ಇರುವುದು ಜಗತ್ತಿನ ಎಲ್ಲ ನೇಕಾರಿಕೆಯ ಊರುಗಳಿಗೂ ಸಾಮಾನ್ಯ. ಸ್ಕಾಟ್‌ಲೆಂಡಿನ ಡಂಡಿಯಲ್ಲಿ, ಬಂಗಾಳದ ಸೆಣಬನ್ನು ನೇಯುತ್ತಿದ್ದ ಹೆಂಗಸರ ಕಿವಿಗಳನ್ನು ಪರೀಕ್ಷಿಸಿ 1965ರಲ್ಲಿ ಪ್ರಕಟವಾದ ಅಧ್ಯಯನ, ಸುಮಾರು 100 ಡೆಸಿಬಲ್ ಸದ್ದು ವರ್ಷಗಟ್ಟಲೆ ಬಡಿದರೆ 4,000 ಹರ್ಟ್ಸ್ ಸುತ್ತಲಿನ ಕೇಳ್ಮೆ ಮೊದಲು ಹೇಗೆ ಸವೆಯುತ್ತದೆ ಎಂಬುದಕ್ಕೆ ಇಂದಿಗೂ ಉದಾಹರಣೆ. ಈಗ 30 ಡೆಸಿಬಲ್ ತಡೆಯುವ ಒಳ್ಳೆಯ ಕಿವಿಗಾಪನ್ನು ನೇಕಾರನೊಬ್ಬ ಹಾಕಿಕೊಂಡ ಎನ್ನೋಣ. ಎಂಟು ಗಂಟೆಯ ಪಾಳಿಯಲ್ಲಿ ಸೆಕೆಗೋ ನೋವಿಗೋ ಅರ್ಧ ಗಂಟೆ ಮಾತ್ರ ತೆಗೆದಿಟ್ಟ. ಸದ್ದಿನ ಶಕ್ತಿಯನ್ನು ಕೂಡಿಸಿ ನೋಡಿದರೆ ಅವನಿಗೆ ಸಿಕ್ಕ ಒಟ್ಟು ರಕ್ಷಣೆ 30 ಅಲ್ಲ, ಸುಮಾರು 12 ಡೆಸಿಬಲ್. ಐದೇ ನಿಮಿಷ ತೆಗೆದಿದ್ದರೂ 20ರ ಹತ್ತಿರ. ಡೆಸಿಬಲ್ ಲಾಗರಿದಮ್ ಲೆಕ್ಕವಾದ್ದರಿಂದ ಬರಿಗಿವಿಯ ಆ ಸ್ವಲ್ಪ ಹೊತ್ತೇ ಇಡೀ ದಿನದ ಗಳಿಕೆಯನ್ನು ನುಂಗಿಬಿಡುತ್ತದೆ. 20 ಡೆಸಿಬಲ್‌ನದ್ದೇ ಆದರೂ ಪಾಳಿ ಪೂರ್ತಿ ಕಿವಿಯ ಮೇಲೆ ಉಳಿಯುವಂಥದ್ದು, ಆಗಾಗ ತೆಗೆದಿಡಬೇಕಾದ 30ಕ್ಕಿಂತ ಮೇಲು. ಹಿತವನ್ನು ಇಲ್ಲಿ ಡೆಸಿಬಲ್‌ನಲ್ಲೇ ಅಳೆಯಬಹುದು.

ಇದೇ ಮಾತಿಗೆ ಅಂಟಿಕೊಂಡ ಎಚ್ಚರಿಕೆಯೂ ಒಂದಿದೆ. ಸಂಗೀತದ ಹೆಡ್‌ಫೋನ್ ಹಾಕಿಕೊಂಡು ಮಗ್ಗದ ಮುಂದೆ ನಿಂತರೆ ಕಿವಿಗೆ ಕಾಪು ಸಿಕ್ಕಂತಾಯಿತು ಎಂಬ ಭಾವನೆ ಅಪಾಯಕಾರಿ. ಬಟ್ಟಲಿನಲ್ಲಿ ಗಾಳಿಯಾಡಲು ತೂತುಗಳಿರುವುದರಿಂದ ಇವು ತಡೆಯುವ ಸದ್ದು ಕಡಿಮೆ, ಅದರಲ್ಲೂ ಕೆಳಗಿನ ಸ್ವರಗಳಲ್ಲಿ ಇಲ್ಲವೆನ್ನುವಷ್ಟು. ಹೊರಗಿನ 98 ಡೆಸಿಬಲ್‌ನಲ್ಲಿ 12 ಕಳೆದು ಒಳಗೆ 86 ಬಂದರೆ, ಅದರ ಮೇಲೆ ಹಾಡು ಕೇಳಲು 91ಕ್ಕಾದರೂ ಏರಿಸಬೇಕು. 85 ಡೆಸಿಬಲ್‌ಗೆ ಎಂಟು ಗಂಟೆ, ಪ್ರತಿ 3 ಡೆಸಿಬಲ್‌ಗೆ ಅರ್ಧ ಎಂಬ ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಲೆಕ್ಕದಲ್ಲಿ 91ಕ್ಕೆ ದಿನಕ್ಕೆ ಎರಡೇ ಗಂಟೆ.

ಈಗ ಆಕ್ಷೇಪಗಳಿಗೆ ಬರೋಣ. ಗಟ್ಟಿಯಾದದ್ದು ವಿಜ್ಞಾನಿಗಳದ್ದೇ. ಹರ್ಮನ್‌ನಲ್ಲಿ ಶಾನ್ ಆಲಿವ್ ತಂಡ ಹೆಡ್‌ಫೋನ್‌ಗಳನ್ನು ಹೋಲಿಸುವಾಗ ತೂಕ, ಹಿಡಿತ, ಬ್ರ್ಯಾಂಡು ಯಾವುದೂ ಗೊತ್ತಾಗದಂತೆ ಒಂದೇ ಹೆಡ್‌ಫೋನ್‌ನಲ್ಲಿ ಬೇರೆಬೇರೆ ಮಾದರಿಗಳ ಸದ್ದನ್ನು ನಕಲು ಮಾಡಿ ಕೇಳಿಸಿತು. ಅಂದರೆ ಸದ್ದನ್ನು ಹಿತದಿಂದ ಬೇರ್ಪಡಿಸಬಹುದು ಎಂದಾಯಿತಲ್ಲ? ಬೇರ್ಪಡಿಸಬಹುದು, ಪ್ರಯೋಗಾಲಯದಲ್ಲಿ. ಇಷ್ಟು ಶ್ರಮಪಟ್ಟು ಬೇರ್ಪಡಿಸಬೇಕಾಯಿತು ಎಂಬುದೇ ಉಳಿದ ಕಡೆ ಅವೆರಡೂ ಎಷ್ಟು ಬೆರೆತಿವೆ ಎಂಬುದಕ್ಕೆ ಸಾಕ್ಷಿ. ಮನೆಯಲ್ಲಿ ನಾವು ಹಾಕಿಕೊಳ್ಳುವುದು ನಕಲನ್ನಲ್ಲ, ತೂಕವಿರುವ ಅಸಲನ್ನು. ಬೆಲೆ ಹೆಚ್ಚಿದ್ದರೆ ಇದೆಲ್ಲ ತಾನಾಗಿಯೇ ಸರಿಯಿರುತ್ತದೆ ಎಂಬ ನಂಬಿಕೆಗೂ ಆಧಾರ ಸಾಲದು. ಯೆರೂನ್ ಬ್ರೇಬಾರ್ಟ್ 2017ರಲ್ಲಿ 283 ಹೆಡ್‌ಫೋನ್‌ಗಳ ಅಳತೆಗಳನ್ನು ಪರಿಶೀಲಿಸಿ, ಬೆಲೆಗೂ ಸ್ವರಗಳ ಸಮತೋಲಕ್ಕೂ ನಂಟು ಕಾಣಲಿಲ್ಲ ಎಂದು ವರದಿ ಮಾಡಿದರು.

ಬೇಸ್ ಕಡಿಮೆಯಾದರೆ ಫೋನಿನ ಈಕ್ವಲೈಸರ್‌ನಲ್ಲಿ ಏರಿಸಿಕೊಂಡರಾಯಿತು ಎನ್ನುವವರೂ ಇದ್ದಾರೆ. ಸೋರಿಕೆ ಒಂದೇ ಸಮ ಇದ್ದರೆ ಅದು ಸರಿ. ಆದರೆ ಅದು ತಲೆ ತಿರುಗಿಸಿದಾಗ ಒಂದು, ನಕ್ಕಾಗ ಒಂದು, ಎಡಗಿವಿಗೆ ಒಂದು, ಬಲಗಿವಿಗೆ ಇನ್ನೊಂದು. ಇದಕ್ಕೆ ಸಮರ್ಥ ಉತ್ತರ ಇರುವುದು ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್‌ಗಳಲ್ಲಿ ಎಂಬುದನ್ನು ಒಪ್ಪಿಕೊಳ್ಳಲೇಬೇಕು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹಾರುವಾಗ ಎಂಜಿನ್ ಮೊರೆತದಲ್ಲಿ ಸಂಗೀತ ಕೇಳಲಾಗದೆ ಅಮರ್ ಬೋಸ್ ವಿಮಾನದಲ್ಲೇ ಲೆಕ್ಕ ಹಾಕಲು ಕೂತರಂತೆ. 1989ರಲ್ಲಿ ಅವರ ಕಂಪನಿಯ ಪೈಲಟ್ ಹೆಡ್‌ಸೆಟ್ ಮಾರುಕಟ್ಟೆಗೆ ಬಂತು. ಬಟ್ಟಲಿನ ಒಳಗೇ ಇರುವ ಮೈಕ್ ಕಿವಿಯ ಬಳಿಯ ನಿಜವಾದ ಒತ್ತಡವನ್ನು ಕ್ಷಣಕ್ಷಣಕ್ಕೂ ಅಳೆಯುತ್ತದೆ. ಹಾಗಾಗಿ ಸಣ್ಣಪುಟ್ಟ ಸೋರಿಕೆಯನ್ನೂ ತುಂಬಿಕೊಡಬಲ್ಲದು. ನೆಲಮಂಗಲದಿಂದ ದಿನವೂ ಬಸ್ಸಿನಲ್ಲಿ ಬೆಂಗಳೂರಿಗೆ ಓಡಾಡುವ ಕನ್ನಡಕಧಾರಿಗೆ ಮೂವತ್ತು ಸಾವಿರದ ಇಂಥ ಹೆಡ್‌ಫೋನ್, ಎರಡು ಲಕ್ಷದ ಸಾದಾ ಕ್ಲೋಸ್ಡ್ ಬ್ಯಾಕ್‌ಗಿಂತ ಒಳ್ಳೆಯ ಬೇಸ್ ಕೊಟ್ಟರೆ ಆಶ್ಚರ್ಯವಿಲ್ಲ. ಡೀಸೆಲ್ ಎಂಜಿನ್ನಿನ ಗುಡುಗಿಗೆ ಬರೀ ಬಟ್ಟಲು ಯಾವ ತಡೆಯೂ ಅಲ್ಲ.

ಹಾಗಾದರೆ ಮುಚ್ಚಿದ್ದೇಕೆ, ತೆರೆದ ಹಿಂಬದಿಯದ್ದೇ ಕೊಳ್ಳಬಾರದೇಕೆ? ತೆರೆದವು ಹಗುರ, ಸೆಕೆ ಕಡಿಮೆ. ಮುಚ್ಚಿದ ಬಟ್ಟಲಿನಲ್ಲಿ ಪೊರೆಯ ಹಿಂಬದಿಯ ಸದ್ದು ಗೋಡೆಗೆ ತಾಗಿ ಮರಳಿ ಬಂದು ಕಸಿವಿಸಿ ಮಾಡುವ ತಾಪತ್ರಯವೂ ಅವಕ್ಕಿಲ್ಲ. ಸೆನ್‌ಹೈಸರ್ ಎಚ್‌ಡಿ 820ರಲ್ಲಿ ಒಳಬಾಗಿದ ಗಾಜನ್ನು ಇಟ್ಟದ್ದು ಆ ಮರಳುವ ಅಲೆಗಳನ್ನು ಹೀರುಕೋಣೆಗಳ ಕಡೆ ತಿರುಗಿಸಲು. ಗಾಜು ಕಣ್ಣಿಗೆ ಚಂದ, ಯುಕ್ತಿಯೂ ಜಾಣತನದ್ದೇ. ಆದರೂ ಆ ಗಾಜಿನ ಕೆಲಸಕ್ಕೆ ಬೆಲೆ ಬರುವುದು ಮೆತ್ತೆ ಕೂತ ಮೇಲೆ. ತೆರೆದದ್ದರ ಮಾತು ನಿಶ್ಶಬ್ದ ಕೋಣೆ ಇರುವವರಿಗೆ ಸರಿ. ಗೋಡೆಯಾಚೆ ಮಗ್ಗ ಓಡುವ ಮನೆಯಲ್ಲಿ, ವಿಮಾನದ ಹಾದಿಯ ಕೆಳಗಿನ ಊರಿನಲ್ಲಿ, ಹೊಸಕೋಟೆಯ ಹೆದ್ದಾರಿ ಬದಿಯ ಮಹಡಿಯಲ್ಲಿ ಅದು ಹೊರಗಿನದ್ದನ್ನೆಲ್ಲ ಒಳಗೆ ಬಿಡುತ್ತದೆ.

ಆದ್ದರಿಂದ ಅಂಗಡಿಯ ಎ.ಸಿ. ಕೋಣೆಯಲ್ಲಿ ಐದು ನಿಮಿಷ ಕೇಳಿ ಕೊಡುವ ತೀರ್ಪಿಗೆ ಬೆಲೆ ಕಡಿಮೆ. ಫೋಮು ಮೈಬಿಸಿಗೆ ಮೆತ್ತಗಾಗಿ ಕೆನ್ನೆಯ ಆಕಾರಕ್ಕೆ ಬರಲು ಹೊತ್ತು ಹಿಡಿಯುತ್ತದೆ, ಬೆವರಲು ಇನ್ನೂ ಸ್ವಲ್ಪ ಹೊತ್ತು, ನೆತ್ತಿ ನೋಯಲು ಅದಕ್ಕಿಂತ ಹೆಚ್ಚು. ದಿನವೂ ಹಾಕುವ ಕನ್ನಡಕ, ಓಲೆಗಳ ಸಮೇತ ಒಂದೆರಡು ಗಂಟೆ, ಸಾಧ್ಯವಾದರೆ ಏಪ್ರಿಲ್ ಮಧ್ಯಾಹ್ನ, ಫ್ಯಾನ್ ಇಲ್ಲದೆ ಹಾಕಿಕೊಂಡಿದ್ದು ಆಮೇಲೆ ಮೃದಂಗದ ಎಡಮುಖ ಕೇಳಬೇಕು. ಮಾರುವವರನ್ನು ಕೇಳಬೇಕಾದ ಪ್ರಶ್ನೆ ಮೆತ್ತೆಯದೇ. ಕೊಬ್ಬರಿ ಎಣ್ಣೆಯ ತಲೆ ಮತ್ತು ಬೆವರು ಸೇರಿದರೆ ಕೃತಕ ಚರ್ಮ ಕೆಲವೇ ವರ್ಷಗಳಲ್ಲಿ ಸಿಪ್ಪೆ ಏಳುತ್ತದೆ, ಫೋಮು ಚಪ್ಪಟೆಯಾಗುತ್ತದೆ. ಆಗ ಕಿವಿ ಸ್ಪೀಕರ್‌ಗೆ ಹತ್ತಿರ ಸರಿದು ಮೇಲಿನ ಸ್ವರಗಳೂ ಬದಲಾಗುತ್ತವೆ. ಬೇರೆ ಕಂಪನಿಯ ಅಗ್ಗದ ಮೆತ್ತೆ ಹಾಕಿದರೆ ಕೊಂಡದ್ದೇ ಬೇರೆ ಹೆಡ್‌ಫೋನ್ ಎನ್ನುವಷ್ಟು ಸದ್ದು ಮಾರ್ಪಡಬಹುದು. ಅಸಲಿ ಮೆತ್ತೆ ಇಲ್ಲಿ ಸಿಗುತ್ತದೆಯೇ, ಬೆಲೆ ಎಷ್ಟು, ಕೈಯಲ್ಲೇ ಬದಲಿಸಬಹುದೇ ಎಂದು ರಸೀತಿ ಬರೆಸುವ ಮೊದಲೇ ಕೇಳಿ.