ಡಾಕ್ಟರೇಟ್ ಆದ ಮೇಲೆ ಬೆಂಗಳೂರಿಗೇ ಏಕೆ?

ಪಿಎಚ್‌.ಡಿ. ಮಾಡುವಾಗ ಗೈಡ್ ಹಾಕಿಕೊಟ್ಟ ಚೌಕಟ್ಟು ಇರುತ್ತದೆ. ಕೆಲಸ ಸಿಕ್ಕಮೇಲೆ ಪಾಠ, ಪರೀಕ್ಷೆ, ಮೌಲ್ಯಮಾಪನದಲ್ಲೇ ದಿನ ಕಳೆಯುತ್ತದೆ. ತಮ್ಮದೇ ಪ್ರಶ್ನೆಯ ಬೆನ್ನು ಹತ್ತಲು ಸಂಶೋಧಕರಿಗೆ ಸಿಗುವುದು ಇವೆರಡರ ನಡುವಿನ ಪೋಸ್ಟ್‌ಡಾಕ್ ಅವಧಿ. ಅಮೆರಿಕದಲ್ಲಿ ಇದು ಗಟ್ಟಿಯಾಗಿ ಬೇರೂರಿದ್ದು 1919ರಲ್ಲಿ. ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಆಗಷ್ಟೇ ಡಾಕ್ಟರೇಟ್ ಪಡೆದವರಿಗೆ ಫೆಲೋಶಿಪ್ ಕೊಡತೊಡಗಿತು. ಮುಂದೆ ಭೌತವಿಜ್ಞಾನಿ ಓಪನ್‌ಹೈಮರ್ ಕೂಡ ಅದನ್ನು ಪಡೆದರು.

ನಮ್ಮಲ್ಲಿ ಕಥೆ ಬೇರೆ. ಹೊರಗೆ ಹೋದವರನ್ನು ಕರೆತರುವ ಚಿಂತೆಯೇ ಮೊದಲಿಗಿತ್ತು. 1958ರಲ್ಲಿ ಸಿಎಸ್‌ಐಆರ್ ‘ಸೈಂಟಿಸ್ಟ್ಸ್ ಪೂಲ್’ ತೆರೆದದ್ದು, ವಿದೇಶದಿಂದ ಮರಳಿದವರಿಗೆ ಕಾಯಂ ಹುದ್ದೆ ಸಿಗುವವರೆಗೆ ಆಸರೆಯಾಗಲೆಂದು. ಅದೇ ವರ್ಷ ಅಮೆರಿಕದ ಪರ್ಡ್ಯೂನಲ್ಲಿ ಪಿಎಚ್‌.ಡಿ. ಮುಗಿಸಿದ ರಸಾಯನವಿಜ್ಞಾನಿ ಸಿ.ಎನ್‌.ಆರ್. ರಾವ್, ಬರ್ಕ್ಲಿಯಲ್ಲಿ ಸಂಶೋಧನೆ ನಡೆಸಿ 1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಪೋಸ್ಟ್‌ಡಾಕ್ ಎಂದರೆ ಸಮುದ್ರ ದಾಟುವುದು ಎಂಬ ರೂಢಿ ದಶಕಗಳ ಕಾಲ ಉಳಿಯಿತು. ಆಮೇಲೆ ಯುಜಿಸಿಯ ಡಿ.ಎಸ್. ಕೊಠಾರಿ ಫೆಲೋಶಿಪ್, ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಎಸ್‌ಇಆರ್‌ಬಿಯ ರಾಷ್ಟ್ರೀಯ ಫೆಲೋಶಿಪ್ ಬಂದವು. ಎರಡನೆಯದರಲ್ಲಿ ಎರಡು ವರ್ಷ ತಿಂಗಳಿಗೆ 55,000 ರೂಪಾಯಿ, ಜೊತೆಗೆ ವರ್ಷಕ್ಕೆ 2 ಲಕ್ಷ ಸಂಶೋಧನಾ ವೆಚ್ಚ ಎಸ್‌ಇಆರ್‌ಬಿಯ ಕಾಲದಲ್ಲಿ ಸಿಗುತ್ತಿತ್ತು. 2024ರಿಂದ ಎಸ್‌ಇಆರ್‌ಬಿಯ ಜಾಗದಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ (ಎಎನ್‌ಆರ್‌ಎಫ್) ಇದೆ.

ಸಮುದ್ರ ದಾಟುವ ಅನಿವಾರ್ಯತೆ ಕಡಿಮೆಯಾಯಿತು, ಊರು ಬಿಡುವ ಅನಿವಾರ್ಯತೆ ತಪ್ಪಲಿಲ್ಲ. ಫೆಲೋಶಿಪ್ ಮಾರ್ಗದರ್ಶಕರ ಮತ್ತು ಉಪಕರಣಗಳ ಹಿಂದೆ ಹೋಗುತ್ತದೆ. ಅವೆರಡೂ ಬೆಂಗಳೂರಿನಂಥ ಕಡೆಯೇ ಹೆಚ್ಚು. ಸಂಶೋಧಿಸಬೇಕಾದ ಪ್ರಶ್ನೆಗಳು ಮಾತ್ರ ಎಲ್ಲೆಡೆ ಇವೆ. ಉದಾಹರಣೆಗೆ, ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಅಡಿಕೆಯ ಸೀಮೆ. ಉಬ್ರಾಣಿ–ಅಮೃತಾಪುರ ಏತ ನೀರಾವರಿಯಿಂದ ಭದ್ರೆಯ ನೀರು ಮೇಲೇರಿ ಕೆರೆಗಳಿಗೆ ಬರುತ್ತದೆ. ಆ ನೀರಲ್ಲಿ ಕೊಳವೆಬಾವಿಗೆ ಇಂಗುವುದೆಷ್ಟು, ಆವಿಯಾಗುವುದೆಷ್ಟು? ಪಂಪಿನ ವಿದ್ಯುತ್ತಿಗೆ ತಕ್ಕ ಫಲ ಸಿಗುತ್ತಿದೆಯೇ? ಇವು ಜಲವಿಜ್ಞಾನಕ್ಕೂ ಎಂಜಿನಿಯರಿಂಗ್‌ಗೂ ಸಲ್ಲುವ ಗಟ್ಟಿ ಪ್ರಶ್ನೆಗಳು. ಒಂದು ಮಳೆಗಾಲದ ಅಳತೆಯಿಂದ ಇವಕ್ಕೆ ಉತ್ತರ ಸಿಗುವುದಿಲ್ಲ. ಎರಡು ವರ್ಷ ಬಿಡದೆ ಅಳೆಯಬೇಕು.

ಹಳ್ಳಿಯಲ್ಲಿ ಪ್ರಯೋಗಾಲಯ ಎಲ್ಲಿದೆ ಎಂಬ ಆಕ್ಷೇಪ ಸಹಜ. ಆದರೆ ಇಡೀ ಪ್ರಯೋಗಾಲಯವನ್ನು ಊರಿಗೆ ಹೊರಬೇಕಿಲ್ಲ. ಒಬ್ಬ ಮಾರ್ಗದರ್ಶಕರು ದಾವಣಗೆರೆ ವಿಶ್ವವಿದ್ಯಾಲಯದಲ್ಲೋ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದಲ್ಲೋ, ಇನ್ನೊಬ್ಬರು ಬೆಂಗಳೂರಿನಲ್ಲಿ ಇದ್ದರೆ ಅಳತೆ ಇಲ್ಲಿ, ವಿಶ್ಲೇಷಣೆ ಅಲ್ಲಿ ನಡೆದೀತು. ದೊಡ್ಡ ಸಂಸ್ಥೆಯೊಂದು ಸಣ್ಣವುಗಳ ಕೈಹಿಡಿಯುವ ‘ಪೇರ್’ ಯೋಜನೆಯನ್ನು ಎಎನ್‌ಆರ್‌ಎಫ್ ಈಗಾಗಲೇ ಶುರು ಮಾಡಿದೆ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಕಾಯಂ ಹುದ್ದೆ ತುಂಬದೆ ತಾತ್ಕಾಲಿಕ ಫೆಲೋಶಿಪ್ ಹೆಚ್ಚಿಸಿದರೆ ಯುವಕರ ವಯಸ್ಸು ಕಾಯುವುದರಲ್ಲೇ ಸವೆಯುತ್ತದೆ. ಇದು ನಿಜ. ಆದ್ದರಿಂದಲೇ ಜಿಲ್ಲಾ ವಿಶ್ವವಿದ್ಯಾಲಯಗಳ ನೇಮಕಾತಿ ಮತ್ತು ಅಲ್ಲಿನ ಪೋಸ್ಟ್‌ಡಾಕ್ ಒಂದೇ ಯೋಜನೆಯ ಎರಡು ಭಾಗವಾಗಬೇಕು. ಈ ನೆಲದ ಪ್ರಶ್ನೆಯಲ್ಲಿ ಪಳಗಿದವರಿಗೆ ಇಲ್ಲೇ ಮುಂದುವರಿಯುವ ದಾರಿಯಿರಬೇಕು. ಹಾಗಾಗದಿದ್ದರೆ ಎರಡು ವರ್ಷದ ದತ್ತಾಂಶವೂ ಅವರ ಜೊತೆಯಲ್ಲೇ ಬೆಂಗಳೂರಿನ ಬಸ್ಸು ಹತ್ತುತ್ತದೆ.